ಅಣ್ಣನ ಬೋಟಿನ ಸದ್ದು

ಆ ಊರಿನ ಹೆಂಗಸರಿಗೆ ಬೋಟು ಕಣ್ಣಿಗೆ ಬೀಳಬೇಕಾಗಿರಲಿಲ್ಲ, ಕಿವಿಗೆ ಬಿದ್ದರೆ ಸಾಕಿತ್ತು. ಇಂಜಿನ್ ಕೆಮ್ಮಿದ್ದು ಕೇಳಿಯೇ 'ನಮ್ದು ಬಂತು' ಎಂದು ಬಂದರು ಕಚೇರಿಗೆ ಹೋಗಿ, ಬೋಟು ಹೊರಡುವಾಗ ಗೋಡೆಯ ಹಲಗೆಗೆ ತೂಗುಹಾಕಿದ್ದ ಅದರ ನಂಬರಿನ ಬಿಲ್ಲೆ ತೆಗೆದುಬಿಡುವರು. ಕತ್ತಲಾಗುವಾಗ ಹಲಗೆಯಲ್ಲಿ ಯಾವ ಬೋಟಿನ ಬಿಲ್ಲೆ ಉಳಿದಿದೆಯೋ ಆ ಬೋಟನ್ನಷ್ಟೇ ಹುಡುಕಲು ಲಾಂಚ್ ಹೊರಡುವುದು.

ಗಾಳಿಯೆದ್ದ ಸಂಜೆ ಸದ್ದು ಕೇಳಿ ಅವಳು ಅಣ್ಣನ ಬಿಲ್ಲೆ ತೆಗೆದು ಇವತ್ತಿಗೆ ಒಂಬತ್ತು ದಿನ. ಲಾಂಚ್ ಬೇರೆ ಎರಡು ಬೋಟುಗಳನ್ನು ಎಳೆದು ತಂದಿತ್ತು. ಅಣ್ಣ ಬಂದಿರಲಿಲ್ಲ.

ಮನೆಯ ಪಕ್ಕದ ಶೆಡ್ಡಿನಲ್ಲಿ ಅವಳು ಬಲೆ ಹೊಲಿಯುತ್ತಿದ್ದಳು. ಬಾಗಿಲಲ್ಲಿ ಗಿಣಿರಾಯ ನಿಂತಿದ್ದ. ಐಸ್ ಫ್ಯಾಕ್ಟರಿಯ ಈ ಕೆಲಸಗಾರನಿಗೆ ಊರಿಟ್ಟ ಹೆಸರದು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ಹೋದ ತಿಂಗಳು ಇದೇ ಬಾಗಿಲಲ್ಲಿ ನಿಂತು, ಬಂದರಿನ ಗುಮಾಸ್ತರ ಮೂಗಿನ ದನಿಯಲ್ಲಿ, "ಕುಮಾರಿಯವರೇ, ತಮ್ಮ ಹೃದಯದಲ್ಲಿ ಜಾಗ ಖಾಲಿ ಇದೆಯೇ? ಅರ್ಜಿ ಮೂರು ಪ್ರತಿ ತಂದಿದ್ದೇನೆ" ಎಂದಿದ್ದ. ಹಲ್ಲಲ್ಲಿ ಕಚ್ಚಿದ್ದ ದಾರ ಬೀಳುವಷ್ಟು ನಕ್ಕಿದ್ದಳು. ಆಮೇಲೆ ತಲೆಯೆತ್ತದೆ, ರೆಪ್ಪೆಯಡಿಯಿಂದಲೇ ಒಂದು ನೋಟ.

"ನಿನ್ ಸ್ವಂತ ದನೀಲಿ ಕೇಳೋ. ಉತ್ತರ ಹೇಳ್ತೀನಿ."

ಇವತ್ತು ದಾರ ಹಲ್ಲಲ್ಲೇ ಇತ್ತು.

"ನನ್ ಕಿವೀನೇ ಅಣ್ಣನ್ನ ತಿಂದ್ಬಿಡ್ತು" ಎಂದಳು. "ಚಿಕ್ಕವಳಿದ್ದಾಗಿಂದ ಕೇಳಿದ ಸದ್ದು. ಎರಡು ಕೆಮ್ಮು, ಒಂದು ಸೀಟಿ. ಹೇಗೆ ತಪ್ದೆ ಹೇಳು?"

ಸುಮ್ಮನಿದ್ದರೆ ಇವಳು ತನಗೆ ಸಿಗಬಹುದು. ಆದರೆ ಈ ಭಾರ ಹೊತ್ತು ಇವಳೇ ಉಳಿಯುವುದಿಲ್ಲ. ಒಂಬತ್ತು ದಿನ ಅವನನ್ನು ಅರೆದದ್ದು ಇದೇ.

"ನಿನ್ ಕಿವಿ ತಪ್ಪಿಲ್ಲ." ತನ್ನ ದನಿ ಅವನಿಗೇ ಗುರುತು ಸಿಗಲಿಲ್ಲ. "ನಿಮ್ಮನೆ ಗೋಡೆ ಹಿಂದೆ ನಿಂತು ಆ ಸದ್ದು ಮಾಡಿದ್ದು ನಾನು. ಅಣ್ಣ ಬಂದ್ರೆ ಕಿಟಕಿ ತೆಗ್ದು ನಗ್ತೀಯಲ್ಲ, ಅದನ್ನ ನೋಡ್ಬೇಕಿತ್ತು. ನೋಡ್ದೆ, ಖುಷೀಲಿ ಓಡ್ದೆ. ಬಿಲ್ಲೆ ನೆನಪೇ ಆಗ್ಲಿಲ್ಲ ಕಣೇ."

ಅವಳು ಸೂಜಿಯನ್ನು ಬಲೆಗೆ ಚುಚ್ಚಿಟ್ಟಳು.

"ಒಂದ್ಸಲ ಮಾಡು."

"ಬೇಡ..."

"ಮಾಡು ಅಂದೆ."

ಮಾಡಿದ. ಎರಡು ಕೆಮ್ಮು, ಒಂದು ಸೀಟಿ. ಅವಳು ಕಣ್ಣು ಮುಚ್ಚಿದಳು. ತುಟಿಯಂಚಿನಿಂದ ಶುರುವಾಗಿ ಕೆನ್ನೆಯ ಗುಳಿಗಿಳಿದು, ಅವನು ಅಷ್ಟೊಂದು ಆಸೆಪಟ್ಟಿದ್ದ ಆ ನಗು ಇಡೀ ಮುಖವನ್ನು ಬೆಳಗಿತು. ಅವನಿಗಲ್ಲದ ನಗು.

ಮನೆಯ ಬಾಗಿಲು ದಡಾರನೆ ತೆರೆಯಿತು. ಕೈಯಲ್ಲಿ ಒಣ ಟವೆಲ್ ಹಿಡಿದು ಅವಳ ಅಮ್ಮ ಬರಿಗಾಲಲ್ಲಿ ಓಡಿ ಬಂದಿದ್ದರು.

"ಬಂದ್ನೇನೇ? ಯಾರೇ ಅದು, ಅಣ್ಣನಾ?"

ಅವಳು ಕಣ್ಣು ತೆರೆದಳು. ಎದುರಿಗಿದ್ದವನನ್ನು ಕೊನೆಯ ಸಲ, ಪೂರ್ತಿ, ರೆಪ್ಪೆಯಡಿಯಿಂದಲ್ಲದೆ ನೇರವಾಗಿ ನೋಡಿದಳು.

"ಇಲ್ಲಮ್ಮ" ಎಂದಳು. "ಇಲ್ಲಿ ಯಾರೂ ಇಲ್ಲ."