ಡಾಫಿನ್ ಅಂಗಡಿಗೆ ಬೀಗ

ಬಾಗಿಲು ತೆರೆದು ಒಳಗೆ ಬಂದವಳನ್ನು ಕಂಡು, ಎಯ್ನಾರ್ ತುಟಿಯ ತನಕ ತಂದಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

ವಿನಿಪೆಗ್ ನಗರದ ಬ್ರೆನ್‌ಡಾಲ್ ಕಟ್ಟಡದ ಮೇಲಿನ ಮಹಡಿ. ಕಿಟಕಿಯಾಚೆ ಜನವರಿಯ ಬಿಸಿಲು. ಕಣ್ಣು ಕುಕ್ಕುವ, ಆದರೆ ಒಂದಿಷ್ಟೂ ಕಾವಿಲ್ಲದ ಬಿಸಿಲು. ಉದ್ದನೆಯ ಮೇಜಿನ ಸುತ್ತ ಕಂಪನಿಯ ನಿರ್ದೇಶಕರು ಕುಳಿತಿದ್ದರು. ಗೋಡೆಗುಂಟ ಬೇರೆ ಬೇರೆ ಊರುಗಳ ಅಂಗಡಿ ಮ್ಯಾನೇಜರುಗಳು. ಕಂಪನಿಗೆ ಸಾಲ ಕೊಟ್ಟ ಟೊರಾಂಟೊದ ಬ್ಯಾಂಕುಗಳು ಕಳಿಸುವ ಅಧಿಕಾರಿಗಾಗಿ ಎಲ್ಲರೂ ಕಾಯುತ್ತಿದ್ದರು. ಮುಳುಗುತ್ತಿರುವ ಬ್ರೆನ್‌ಡಾಲ್ ಅಂಗಡಿಗಳಲ್ಲಿ ಯಾವುದು ಉಳಿಯಬೇಕು, ಯಾವುದಕ್ಕೆ ಬೀಗ ಬೀಳಬೇಕು... ಆ ತೀರ್ಮಾನ ಇನ್ನು ಆ ಅಧಿಕಾರಿಯದು.

ಬಂದವಳು ಲ್ಯೂಬಾ ಹ್ರಿಂಚುಕ್.

ಏಳು ವರ್ಷಗಳ ಹಿಂದೆ ಇದೇ ಕಂಪನಿ ಹೊರಹಾಕಿದ್ದ ಲ್ಯೂಬಾ!

ಅಧ್ಯಕ್ಷ ಗಾರ್ಡನ್ ಬ್ರೆನ್‌ಡಾಲ್ ಎದ್ದು ನಗುತ್ತ ಕೈ ಚಾಚಿದ. ಆ ಕೈ ಗಾಳಿಯಲ್ಲೇ ಉಳಿಯಿತು.

"ಪರಿಚಯ ಏನೂ ಬೇಡ ಮಿಸ್ಟರ್ ಬ್ರೆನ್‌ಡಾಲ್," ಎಂದಳು ಲ್ಯೂಬಾ. "ಈ ಕೋಣೆ ನಂಗೆ ಚೆನ್ನಾಗಿ ಗೊತ್ತು. ಬಾಗಿಲು ಎಲ್ಲಿದೆ ಅಂತ ತೋರಿಸಿದ್ದೇ ನೀವಲ್ವಾ?"

ಯಾರೂ ನಗಲಿಲ್ಲ. ಅವಳ ನೋಟ ಮೇಜಿನ ಸುತ್ತ ನಿಧಾನವಾಗಿ ಸುತ್ತಿ, ಗೋಡೆಯ ಬದಿಯಲ್ಲಿ ನಿಂತಿದ್ದ ಎಯ್ನಾರ್ ಸ್ವೇನ್‌ಸನ್‌ನ ಮೇಲೆ ಬಂದು ನಿಂತಿತು. ಕಿವಿಯ ಪಕ್ಕದ ಕೂದಲು ನರೆತಿತ್ತು. ಹೆಗಲು ಸ್ವಲ್ಪ ಬಾಗಿತ್ತು. ಕಣ್ಣು ಮಾತ್ರ ಅದೇ.

'ನೋಡು... ಚೆನ್ನಾಗಿ ನೋಡು ನನ್ನ. ಅವತ್ತು ಸಭೆಯಲ್ಲಿ ನನ್ನ ವಿರುದ್ಧ ಕೈ ಎತ್ತಿದ್ದೆಯಲ್ಲ, ಈಗ ನನ್ನ ಸರದಿ.'

ಹೀಗೆಂದುಕೊಳ್ಳುವಾಗಲೂ ಎದೆಯ ಮೂಲೆಯಲ್ಲೆಲ್ಲೋ ಚುಳ್ ಎಂದದ್ದು ಅವಳಿಗೆ ಇಷ್ಟವಾಗಲಿಲ್ಲ.

ಏಳು ವರ್ಷಗಳ ಹಿಂದೆ ಲ್ಯೂಬಾ ಬ್ರೆನ್‌ಡಾಲ್‌ನಲ್ಲಿ ಮನೆಬಳಕೆ ಸಾಮಾನುಗಳ ಖರೀದಿ ನೋಡಿಕೊಳ್ಳುತ್ತಿದ್ದಳು. ಎಯ್ನಾರ್ ಅಧ್ಯಕ್ಷನ ಅಕ್ಕನ ಮಗ. ನಿರ್ದೇಶಕರಲ್ಲಿ ಎಲ್ಲರಿಗಿಂತ ಕಿರಿಯ. ಇಬ್ಬರೂ ಪ್ರೀತಿಸುತ್ತಿದ್ದರು. ವಸಂತ ಬರುತ್ತಿದ್ದಂತೆ ಮದುವೆ ಎಂದು ಮಾತಾಗಿತ್ತು.

ಆ ಚಳಿಗಾಲ ಹೊಸದೊಂದು ವಿದ್ಯುತ್ ಕಂಬಳಿ ಅಂಗಡಿಗೆ ಬಂತು. ಅದರ ತಂತಿ ವಿಪರೀತ ಬಿಸಿಯಾಗುತ್ತದೆ, ಮಾರುವುದು ಬೇಡ ಎಂದು ಲ್ಯೂಬಾ ಗಾರ್ಡನ್‌ಗೆ ಮತ್ತೆ ಮತ್ತೆ ಹೇಳಿದಳು. ಕ್ರಿಸ್‌ಮಸ್ ವ್ಯಾಪಾರ ಕೆಡಿಸಬೇಡ ಎಂದು ಅವನು ಗದರಿದ. ಹಬ್ಬಕ್ಕೆ ಮುಂಚೆಯೇ ಒಂದು ಮನೆ ಹೊತ್ತಿ ಉರಿಯಿತು. ಒಬ್ಬ ಅಜ್ಜಿಯ ಎರಡೂ ಕೈ ಸುಟ್ಟವು. ಪತ್ರಿಕೆಯವರು ತಪ್ಪು ಯಾರದೆಂದು ಕೇಳಿದಾಗ ಗಾರ್ಡನ್ ಒಂದು ಹೆಸರು ಕೊಟ್ಟ. ಲ್ಯೂಬಾ ಹ್ರಿಂಚುಕ್.

ಅವಳನ್ನು ತೆಗೆದುಹಾಕಲು ನಿರ್ದೇಶಕರು ಒಮ್ಮತದಿಂದ ಕೈ ಎತ್ತಿದರು. ಎಯ್ನಾರ್‌ನ ಕೈಯೂ ಮೇಲಿತ್ತು ಎಂದು ಆಮೇಲೆ ಯಾರೋ ಹೇಳಿದರು. ಅವಳು ಫೋನ್ ಮಾಡಿ ಒಂದೇ ಮಾತು ಕೇಳಿದ್ದಳು, ಅದು ನಿಜವಾ ಎಂದು. ನಿಜ ಎಂದಿದ್ದ. ಮತ್ತೇನೂ ಹೇಳಿರಲಿಲ್ಲ.

ಅವಳಮ್ಮ ಪ್ರತಿ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಗೆಳತಿಯರ ಜೊತೆ ಕೂತು ಪೆರೋಗಿ ಕಡುಬು ಮಡಚುತ್ತಿದ್ದವರು. ಮಗಳ ಹೆಸರು ಪತ್ರಿಕೆಯಲ್ಲಿ ಬಂದ ವಾರ ಅವರು ಒಳಗೆ ಕಾಲಿಡುತ್ತಿದ್ದಂತೆ ಮೇಜಿನ ಸುತ್ತ ಮಾತು ನಿಂತುಹೋಯಿತು. ಮತ್ತೆಂದೂ ಅವರು ಆ ಮೆಟ್ಟಿಲು ಇಳಿಯಲಿಲ್ಲ. ಲ್ಯೂಬಾ ಎಲ್ಲವನ್ನೂ ಕ್ಷಮಿಸಿದರೂ ಅದನ್ನು ಕ್ಷಮಿಸಲಾರಳು. ಟೊರಾಂಟೊಗೆ ಹೋಗಿ, ಮುಳುಗುವ ಕಂಪನಿಗಳನ್ನು ಎತ್ತಿ ನಿಲ್ಲಿಸುವ ಕೆಲಸ ಕಲಿತು, ಹೆಸರು ಮಾಡಿ, ಕಾದಿದ್ದಳು.

ಈಗ ಬ್ರೆನ್‌ಡಾಲ್ ಅವಳ ಅಂಗೈಯಲ್ಲಿತ್ತು.

ಅವಳ ತಂಡದವರು ಉಳಿಸಬಹುದಾದ ಅಂಗಡಿಗಳನ್ನು ಗುರುತಿಸಿದಾಗ ಅದರಲ್ಲಿ ಡಾಫಿನ್ ಊರಿನದೂ ಇತ್ತು. ಅಲ್ಲಿ ಲಾಭ ದೊಡ್ಡದಲ್ಲ, ಆದರೆ ಸುತ್ತಮುತ್ತಲ ಊರುಗಳಿಗೆಲ್ಲ ಅದೊಂದೇ ದೊಡ್ಡ ಅಂಗಡಿ, ಗಿರಾಕಿಗಳು ಬಿಟ್ಟು ಹೋಗುವುದಿಲ್ಲ ಎಂದರು. ಅಲ್ಲಿನ ಮ್ಯಾನೇಜರ್ ಈಗ ಎಯ್ನಾರ್ ಎಂದು ಅವಳಿಗೆ ಗೊತ್ತಿತ್ತು.

"ಡಾಫಿನ್ ಮುಚ್ಚಿ," ಎಂದಳು.

ಕಾರಣ ಕೇಳಿದವನಿಗೆ ಸಾಗಣೆ ಖರ್ಚು, ದೂರ, ಹಳೆಯ ಕಟ್ಟಡ ಎಂದು ಏನೇನೋ ಹೇಳಿದಳು. ಎಲ್ಲವೂ ನಂಬುವಂತಿತ್ತು.

ಸುದ್ದಿ ತಿಳಿದ ಮಾರನೆಯ ದಿನವೇ ಎಯ್ನಾರ್ ಬಂದ. ಬೇಡಿಕೊಳ್ಳುತ್ತಾನೆ ಎಂದು ಅವಳು ಕಾದಿದ್ದಳು. ಆ ಗಳಿಗೆಯನ್ನು ಮನಸ್ಸಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಅವನು ಕೂರಲೂ ಇಲ್ಲ.

"ನನ್ನ ಕೆಲಸ ತೆಗಿ, ಅದಕ್ಕೆ ನಾನೇನೂ ಅನ್ನಲ್ಲ," ಎಂದ. "ಒಂದೇ ಒಂದು ಕೇಳ್ತೀನಿ. ಬಾಗಿಲು ಹಾಕೋ ಮೊದಲು ಡಾಫಿನ್‌ಗೆ ಬಾ. ಅಲ್ಲಿರೋರಿಗೆ ನೀನೇ ಎದುರು ನಿಂತು ಹೇಳು. ನಿಂಗೆ ಅವತ್ತು ಯಾರೂ ಎದುರಿಗೆ ಹೇಳ್ಲಿಲ್ಲ. ಅವ್ರಿಗೂ ಹಾಗಾಗೋದು ಬೇಡ."

"ನ್ಯಾಯ ಹೇಳೋಕೆ ಬಂದಿದ್ದೀಯಾ? ನೀನು?"

"ಇಲ್ಲ."

"ಕೈ ಎತ್ತುವಾಗ ನಡುಗ್ತಾ, ಎಯ್ನಾರ್? ಒಂಚೂರಾದ್ರೂ?"

ಅವನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಗೆದ್ದೆ ಎಂದುಕೊಂಡಳು. ಗೆದ್ದವಳಿಗೆ ಯಾಕೆ ಅಳು ಬರುತ್ತಿದೆ ಎಂದು ತಿಳಿಯದೆ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು.

ಆ ವಾರವೇ ಗಾರ್ಡನ್ ಅವಳನ್ನು ಊಟಕ್ಕೆ ಕರೆದ. ಹುರಿದ ಪಿಕರೆಲ್ ಮೀನು ತರಿಸಿ, ವೈನ್ ಸುರಿದು, ಬಹಳ ದಿನಗಳ ಸ್ನೇಹಿತನಂತೆ ಮಾತಾಡಿದ. ನಗರದ ಮುಖ್ಯ ಅಂಗಡಿಯನ್ನೂ ಬ್ರೆನ್‌ಡಾಲ್ ಕಟ್ಟಡವನ್ನೂ ಮುಟ್ಟದಿದ್ದರೆ ಉಳಿದದ್ದಕ್ಕೆಲ್ಲ ತನ್ನ ಒಪ್ಪಿಗೆ ಎಂದ. ಆಮೇಲೆ ಲೋಟ ಎತ್ತಿ ನಕ್ಕ.

"ಡಾಫಿನ್ ವಿಷಯದಲ್ಲಿ ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ನನ್ನ ಸೋದರಳಿಯನ್ನ ಓಡಿಸೋಕೆ ನಾನು ವರ್ಷಗಟ್ಲೆ ಒದ್ದಾಡಿದೆ. ಆಗ್ಲಿಲ್ಲ. ನೀವು ಒಂದೇ ಏಟಿಗೆ ಮುಗಿಸಿದ್ರಿ."

ಲ್ಯೂಬಾ ಫೋರ್ಕ್ ಕೆಳಗಿಟ್ಟಳು. "ನಿಮ್ಮವನೇ ಅಲ್ವಾ ಅವನು? ನಿಮ್ಮ ಜೊತೆ ಕೈ ಎತ್ತಿದವನು."

"ಎತ್ತಿದ, ಎತ್ತಿದ. ಹೇಗೆ ಎತ್ತಿಸಿದೆ ಅಂತ ನಂಗೆ ಗೊತ್ತು." ವೈನ್ ಅವನ ನಾಲಿಗೆಯನ್ನು ಸಡಿಲ ಮಾಡಿತ್ತು. ಲ್ಯೂಬಾ ಈಗ ತನ್ನ ಕಡೆಯವಳು ಎಂಬ ಭರವಸೆಯೂ ಸೇರಿಕೊಂಡಿತ್ತು. ಕಂಬಳಿಯ ಬಗ್ಗೆ ಲ್ಯೂಬಾ ಮೊದಲೇ ಎಚ್ಚರಿಸಿದ್ದಳು, ಅದನ್ನು ಪತ್ರಿಕೆಗೆ ನಾನೇ ಹೇಳುತ್ತೇನೆ ಎಂದು ಎಯ್ನಾರ್ ಸಭೆಯಲ್ಲಿ ಕೂಗಾಡಿದ್ದನಂತೆ. ಆಗ ಗಾರ್ಡನ್ ಅವನಿಗೆ ಎರಡೇ ದಾರಿ ಕೊಟ್ಟ. ಸುಮ್ಮನೆ ಕೈ ಎತ್ತಿದರೆ ಆ ಹುಡುಗಿ ಕೆಲಸ ಕಳೆದುಕೊಳ್ಳುತ್ತಾಳೆ, ಅಷ್ಟೆ. ಬಾಯಿ ಬಿಟ್ಟರೆ ಅವಳ ಮೇಲೆ ಕ್ರಿಮಿನಲ್ ದೂರು. ಸಾಕ್ಷಿ ಹೇಳಲು ಉಳಿದ ನಿರ್ದೇಶಕರು ಸಿದ್ಧ. ಅವಳಿಗೆ ಒಂದು ಮಾತು ತಿಳಿದರೂ ಅದೇ ಗತಿ. ಎಯ್ನಾರ್ ಕೈ ಎತ್ತಿದ. ಎತ್ತಿದ ಕೈ ಇಳಿಸಿದ ಕೂಡಲೇ ನಿರ್ದೇಶಕನ ಸ್ಥಾನ ಬಿಟ್ಟ. ದೂರದ ಡಾಫಿನ್‌ಗೆ ಹಾಕಿದರೆ ತಾನಾಗಿಯೇ ಕೆಲಸ ಬಿಟ್ಟು ಹೋಗುತ್ತಾನೆಂದು ಗಾರ್ಡನ್ ಎಣಿಸಿದ್ದ. ಅವನು ಅಲ್ಲೇ ಬೇರು ಬಿಟ್ಟ.

"ಪ್ರೀತಿ ಅಂತೆ," ಎಂದು ಗಾರ್ಡನ್ ಮೀನಿನ ಮುಳ್ಳು ತೆಗೆದ. "ಈಗ ನೋಡಿ, ಅದೇ ಹುಡುಗಿ ಕೈಲಿ ಬೀದಿಗೆ ಬಿದ್ದ."

ಲ್ಯೂಬಾಗೆ ಸುತ್ತಲಿನ ಸದ್ದೆಲ್ಲ ದೂರ ಸರಿದಂತಾಯಿತು. ಏಳು ವರ್ಷ ಅವಳು ಎದೆಯಲ್ಲಿ ಬೆಂಕಿ ಕಾಪಾಡಿಕೊಂಡು ಬಂದದ್ದು ಯಾರಿಗಾಗಿ... ಸುಟ್ಟದ್ದು ಯಾರನ್ನು! ಅದೂ ಈ ಮನುಷ್ಯನ ಕೆಲಸ ಹಗುರ ಮಾಡಿಕೊಟ್ಟು.

ಆದರೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಊಟ ಚೆನ್ನಾಗಿತ್ತು ಎಂದು ಹೇಳಿ ಎದ್ದಳು.

ಮರುದಿನ ಬೆಳಿಗ್ಗೆ ಒಬ್ಬಳೇ ಕಾರು ಓಡಿಸಿಕೊಂಡು ಡಾಫಿನ್‌ಗೆ ಹೊರಟಳು. ರಸ್ತೆಯ ಎರಡೂ ಕಡೆ ಹಿಮ ಮುಚ್ಚಿದ ಬಯಲು. ಅಂಗಡಿಯೊಳಗೆ ಕಾಲಿಟ್ಟಾಗ ಬಿಲ್ಲಿಂಗ್ ಕೌಂಟರಿನ ಡಾರ್ಲೀನ್ ಅವಳ ತೆಳು ಕೋಟನ್ನು ಮೇಲಿಂದ ಕೆಳಗೆ ನೋಡಿದಳು.

"ಟೊರಾಂಟೊದವ್ರಾ? ಈ ಬಟ್ಟೇಲಿ ಇಲ್ಲೀವರ್ಗೂ ಜೀವಂತವಾಗಿ ಬಂದಿದ್ದೇ ದೊಡ್ಡದು ಬಿಡಿ."

ಲ್ಯೂಬಾ ತಾನು ಯಾರೆಂದು ಹೇಳಲಿಲ್ಲ. ಅಂಗಡಿ ಮುಚ್ಚುತ್ತಾರಂತೆ, ನಿಜವೇ ಎಂದು ಕೇಳಿದಳು.

"ಹೌದಂತೆ. ಯಾವಳೋ ಟೊರಾಂಟೊದಲ್ಲಿ ಕೂತ್ಕೊಂಡು ಹೇಳಿದ್ಲಂತೆ. ಒಂದ್ಸಲ ಬಂದು ಕಣ್ಣಲ್ಲಿ ನೋಡಿದ್ಲಾ ಅಂದ್ರೆ ಅದೂ ಇಲ್ಲ. ಬೈಯೋಣ ಅಂದ್ರೆ ನಮ್ಮ ಮ್ಯಾನೇಜರು ಬೈಯೋಕೂ ಬಿಡಲ್ಲ. ನಾವು ಅವಳಿಗೆ ಮಾಡಿದ್ದು ಇದಕ್ಕಿಂತ ದೊಡ್ಡ ಅನ್ಯಾಯ ಅಂತಾನೆ. ಏನು ಮಾಡಿದ್ವೋ, ನಂಗಂತೂ ಗೊತ್ತಿಲ್ಲ."

ಲ್ಯೂಬಾ ಒಳಗೆ ನಡೆದಳು. ಒಬ್ಬ ತಾಯಿ ಮೂವರು ಮಕ್ಕಳಿಗೆ ಹಿಮದ ಬೂಟು ತೊಡಿಸಿ ನೋಡುತ್ತಿದ್ದಳು. ಮುದುಕರಿಬ್ಬರು ಕೈಗವಸು ಆರಿಸುವ ನೆಪದಲ್ಲಿ ಹೀಟರಿನ ಪಕ್ಕ ಹರಟುತ್ತಿದ್ದರು. ಇವರ ಬಗ್ಗೆ ತಾನು ಒಂದು ಗಳಿಗೆಯೂ ಯೋಚಿಸಿರಲಿಲ್ಲ ಎಂಬುದು ಅವಳಿಗೆ ಕೆನ್ನೆಗೆ ಹೊಡೆದಂತೆ ಹೊಳೆಯಿತು.

ಎಯ್ನಾರ್ ಹಿಂದಿನ ಕೋಣೆಯಲ್ಲಿ ಸರಕಿನ ಪೆಟ್ಟಿಗೆ ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಗಾರ್ಡನ್ ಎಲ್ಲಾ ಹೇಳಿದ," ಎಂದಳು.

ಅವನ ಮುಖ ಬಿಳಿಚಿತು. "ನಿನ್ನ ಜೈಲಿಗೆ ಹಾಕ್ತಾರೆ ಅಂತ ಹೆದರಿದೆ," ಎಂದ.

"ನನ್ನನ್ನ ಕೇಳ್ಬೇಕಿತ್ತು. ಅದು ನನ್ನ ಬದುಕು, ಎಯ್ನಾರ್. ಜೈಲೋ, ಅವಮಾನವೋ, ನಾನು ಆರಿಸ್ಕೋಬೇಕಿತ್ತು. ಹೋರಾಡ್ತಿದ್ದೆ ನಾನು. ನೀನು ಜೊತೆಗಿದ್ದಿದ್ರೆ ಗೆಲ್ತಿದ್ದೆ. ನೀನು ಒಬ್ಬನೇ ತೀರ್ಮಾನ ಮಾಡ್ಬಿಟ್ಟೆ."

"ಹೌದು. ಅದೇ ನನ್ನ ತಪ್ಪು. ದಿನಾ ಅಂದ್ಕೋತೀನಿ."

ಅವನು ವಾದಿಸಿದ್ದರೆ ಅವಳ ಕೋಪಕ್ಕೆ ನಿಲ್ಲಲು ನೆಲ ಇರುತ್ತಿತ್ತು. ಅವಳು ಅಲ್ಲೇ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಕಣ್ಣೀರು ತಡೆಯಲಾಗಲಿಲ್ಲ.

"ನಾನೂ ಅದನ್ನೇ ಮಾಡಿದೆ," ಎಂದಳು. "ಹೊರಗಡೆ ಇರೋರನ್ನ ಕೇಳ್ಲೇ ಇಲ್ಲ. ನಿನ್ನ ನೋಯಿಸೋಕೆ ಅವ್ರನ್ನೆಲ್ಲಾ..."

ಅವನು ಹತ್ತಿರ ಬಂದ. ಮುಟ್ಟಲಿಲ್ಲ. ಪಕ್ಕದ ಪೆಟ್ಟಿಗೆಯ ಮೇಲೆ ಕೂತ, ಅಷ್ಟೆ.

"ಬುಧವಾರ ನಿರ್ದೇಶಕರ ಸಭೆ ಇದೆ," ಎಂದಳು ಕಣ್ಣೊರೆಸಿಕೊಂಡು. ಅವಳ ದನಿ ಮತ್ತೆ ಗಟ್ಟಿಯಾಗಿತ್ತು. "ನಡೆದದ್ದನ್ನ ಅಲ್ಲಿ ಎಲ್ಲರ ಎದುರಿಗೆ ಹೇಳ್ತೀಯಾ? ನನ್ನ ಹೆಸರಿಗೆ ಏನು ಬೇಕಾದ್ರೂ ಆಗ್ಲಿ, ಈ ಸಲ ನಾನೇ ಕೇಳ್ತಿದ್ದೀನಿ."

"ಹೇಳ್ತೀನಿ."

ಅದಕ್ಕೂ ಮೊದಲು ಅವಳು ಟೊರಾಂಟೊಗೆ ಫೋನ್ ಮಾಡಿ ತನ್ನ ಮೇಲಿನವರಿಗೆ ನಿಜ ಹೇಳಿದಳು. ಡಾಫಿನ್ ಮುಚ್ಚಲು ತಾನು ಕೊಟ್ಟ ಕಾರಣಗಳು ಸುಳ್ಳು, ಒಳಗಿದ್ದದ್ದು ಹಗೆ, ಆ ಅಂಗಡಿಯ ತೀರ್ಮಾನ ಬೇರೆಯವರಿಗೆ ಕೊಡಿ ಎಂದಳು. ಮೇಲಿನವರು ಖಾರವಾಗಿಯೇ ಬೈದರು. ಈ ಕೆಲಸ ಮುಗಿದ ಮೇಲೆ ನಿಮ್ಮ ವಿಷಯ ಮಾತಾಡೋಣ ಎಂದರು. ಅವಳು ಆಗಲಿ ಎಂದಳು.

ಬುಧವಾರ, ಅದೇ ಕೋಣೆ. ಲ್ಯೂಬಾ ತನ್ನ ಯೋಜನೆಯನ್ನು ಮುಂದಿಟ್ಟಳು. ವರ್ಷಗಳಿಂದ ನಷ್ಟದಲ್ಲಿರುವ ನಗರದ ಮುಖ್ಯ ಅಂಗಡಿ ಮುಚ್ಚಬೇಕು, ಈ ಕಟ್ಟಡ ಮಾರಬೇಕು, ಆ ಹಣದಿಂದ ಸಣ್ಣ ಊರುಗಳ ಅಂಗಡಿಗಳು ಉಸಿರಾಡಬೇಕು. ಇದರಲ್ಲಿ ಹಗೆ ಇಲ್ಲವೆಂದು ತೋರಿಸಲು ಬ್ಯಾಂಕಿನವರೇ ಲೆಕ್ಕ ಪರೀಕ್ಷಿಸಿ ಒಪ್ಪಿದ್ದರು.

ಗಾರ್ಡನ್‌ನ ಮುಖ ಕೆಂಪಾಯಿತು. "ನಾವು ಮಾತಾಡ್ಕೊಂಡಿದ್ದು ಹೀಗಲ್ಲ."

"ನೀವು ಮಾತಾಡಿದ್ರಿ. ನಾನು ಕೇಳಿಸ್ಕೊಂಡೆ," ಎಂದಳು ಲ್ಯೂಬಾ. "ಈಗ ಇನ್ನೊಬ್ರು ಮಾತಾಡ್ತಾರೆ."

ಎಯ್ನಾರ್ ಎದ್ದು ಕಂಬಳಿಯ ಕತೆಯನ್ನು ಮೊದಲಿನಿಂದ ಹೇಳಿದ. ತಾನು ಕೈ ಎತ್ತಿದ್ದನ್ನೂ ಬಿಡಲಿಲ್ಲ. ಗಾರ್ಡನ್ ಸುಳ್ಳು ಎಂದು ಮೇಜು ಗುದ್ದಿದ. ಆಗ ಮೂಲೆಯಲ್ಲಿದ್ದ ಹಿರಿಯ ನಿರ್ದೇಶಕರೊಬ್ಬರು ತಲೆ ತಗ್ಗಿಸಿಕೊಂಡೇ, ಅದು ನಿಜ, ಆ ದಿನ ನಾನೂ ಇಲ್ಲೇ ಕೂತಿದ್ದೆ ಎಂದರು. ಆಮೇಲೆ ಇನ್ನೊಬ್ಬರು. ಮೇಜಿನ ಸುತ್ತ ಗಾರ್ಡನ್ ಕಡೆ ನೋಡುವವರೇ ಉಳಿಯಲಿಲ್ಲ.

ಅವನನ್ನು ಕೆಳಗಿಳಿಸಲು ಕೈಗಳು ಮೇಲೆದ್ದವು.

ಅವನು ತಡವರಿಸುತ್ತ ಕೋಟು ಹುಡುಕುವುದನ್ನು ಲ್ಯೂಬಾ ಕಣ್ಣು ಕದಲಿಸದೆ ನೋಡಿದಳು. ಅಯ್ಯೋ ಅನ್ನಿಸಲಿಲ್ಲ. ಆ ಅಜ್ಜಿಯ ಕೈಗಳು ನೆನಪಾದವು, ಅಮ್ಮ ನೆನಪಾದರು. ಏಳು ವರ್ಷ ಕಾದ ಸಿಹಿಯನ್ನು ಅವಳು ಪೂರ್ತಿಯಾಗಿ, ನಾಚಿಕೆಯಿಲ್ಲದೆ ಸವಿದಳು.

ಪತ್ರಿಕೆಗಳು ಸತ್ಯ ಬರೆದವು. ಡಾಫಿನ್ ಅಂಗಡಿ ಒಂದು ಮಹಡಿ ಕಡಿಮೆ ಮಾಡಿಕೊಂಡು ಉಳಿಯಿತು. ಆ ತೀರ್ಮಾನ ಕೊಟ್ಟವರು ಬೇರೆಯವರು. ಚರ್ಚಿನ ಹೆಂಗಸರು ಅಮ್ಮನ ಮನೆಗೆ ಬಂದು ಕಣ್ಣೀರಿಟ್ಟರು. ಅಮ್ಮ ಅವರಿಗೆ ಟೀ ಕೊಟ್ಟರು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. ಮಗಳಿಗೆ ಆ ಹಟ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಏಪ್ರಿಲ್‌ನಲ್ಲಿ ಹೊಳೆಯ ಮಂಜುಗಡ್ಡೆ ಒಡೆಯತೊಡಗಿತು. ಕೆಲಸ ಮುಗಿಸಿದ ಲ್ಯೂಬಾ ಟೊರಾಂಟೊದ ಹುದ್ದೆ ಬಿಟ್ಟಿದ್ದಳು. ಒಂದು ಸಂಜೆ ಎಯ್ನಾರ್ ಅಮ್ಮನ ಮನೆಗೆ ಬಂದು, ಅವರೆದುರು ನಿಂತು ಕ್ಷಮೆ ಕೇಳಿದ. ಅಮ್ಮ ಉತ್ತರ ಕೊಡದೆ ಒಳಗೆ ಹೋದರು. ಆದರೆ ಊಟದ ಮೇಜಿಗೆ ಇನ್ನೊಂದು ತಟ್ಟೆ ಇಟ್ಟ ಸದ್ದು ಹೊರಗೆ ಕೇಳಿಸಿತು.

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು.

"ನಿನ್ನ ಮೇಲಿನ ಕೋಪ ಇನ್ನೂ ಪೂರ್ತಿ ಹೋಗಿಲ್ಲ," ಎಂದಳು ಲ್ಯೂಬಾ.

"ಗೊತ್ತು."

"ಪ್ರೀತಿನೂ ಹೋಗಿಲ್ಲ. ಅದೇ ಕಷ್ಟ."

ಅವನು ಮೆಲ್ಲಗೆ ಕೈ ಚಾಚಿದ. ಅವಳು ಆ ಕೈಯನ್ನು ಒಂದು ಕ್ಷಣ ನೋಡಿ, ತನ್ನ ಎರಡೂ ಕೈಗಳಿಂದ ಹಿಡಿದುಕೊಂಡಳು.

"ಆಗಾಗ ಎಲ್ಲಾ ನೆನಪಾಗಿ ಜಗಳ ಆಡ್ತೀನಿ. ಈಗ್ಲೇ ಹೇಳಿದೀನಿ."

"ಆಡು," ಎಂದ ಎಯ್ನಾರ್. "ಹತ್ರ ಇದ್ದು ಆಡು."