ಇಳಿಯುವಾಗ ಹಿಡಿದ ಕೈ

ಚೆನ್ನೈಯಿಂದ ನಾನು, ಅಣ್ಣ ಸುಜಯೀಂದ್ರ, ಅವನ ಮೂವರು ಗೆಳೆಯರು ಜವ್ವಾದು ಬೆಟ್ಟ ಹತ್ತಲು ಹೋಗಿದ್ದೆವು. ನೆತ್ತಿ ಮುಟ್ಟಿದಾಗ ಚುರುಗುಟ್ಟುವ ಬಿಸಿಲು. ನೋಡನೋಡುತ್ತ ಮಂಜು ಕವಿದು, ಮಳೆ ಹಿಡಿದು, ಪಕ್ಕದವರ ಮುಖವೂ ಕಾಣದಾಯಿತು. ಆಗ ಅಣ್ಣ ನನ್ನ ಕೈ ಹಿಡಿದ.

"ಬಿಡಬ್ಯಾಡ, ಸಂಹಿತಾ. ಮೆತ್ತಗ ಬಾ."

ಆ ಕೈ ಹಿಡಿದೇ ಬೆಟ್ಟ ಇಳಿದೆ. ಅಷ್ಟು ಮಳೆಯಲ್ಲೂ ಅವನ ಅಂಗೈ ಒಣಗಿತ್ತು, ಬೆಚ್ಚಗಿತ್ತು. ಬುಡದಲ್ಲಿ ಮಂಜು ಸರಿದಾಗ ನನ್ನ ಕೈ ಖಾಲಿಯಿತ್ತು.

ಮರುದಿನ ಅವನ ಹೆಣ ಸಿಕ್ಕಿದ್ದು ನೆತ್ತಿಯ ಕೆಳಗಿನ ಕಮರಿಯಲ್ಲಿ. ಅವನು ಬೆಟ್ಟ ಇಳಿದೇ ಇರಲಿಲ್ಲ.

ವೇಲಚೇರಿಯ ನಮ್ಮ ಮನೆಗೆ ಗೆಳೆಯರು ಮೂವರೂ ಬಂದರು. ಅಮ್ಮ ಅಳುತ್ತಿರಲಿಲ್ಲ.

"ಇಳಿಯೋ ಮುಂದ ನನ್ನ ಮಗನ ಕೈ ಯಾರು ಹಿಡಿದಿದ್ರಿ?" ಎಂದು ಕೇಳಿದಳು.

"ನಾನು" ಎಂದೆ. ಅದೇ ಉಸಿರಿನಲ್ಲಿ ಗೆಳೆಯ ಸತ್ಯಾತ್ಮನೂ "ನಾನು" ಎಂದ. ಉಳಿದಿಬ್ಬರೂ ಅದನ್ನೇ ಹೇಳಿ ಬಿಕ್ಕಿದರು. ಅಮ್ಮ ನಮ್ಮ ನಾಲ್ವರ ಕೈಗಳನ್ನೂ ಒಂದೊಂದಾಗಿ ಕಣ್ಣಿಗೊತ್ತಿಕೊಂಡಳು.