ಪಡುವಣ ಗೋಡೆಯ ಕಿಟಕಿ

ಹೊರಗೋಡೆಗೆ ಹತ್ತಿದ್ದ ಹೋದ ಮಳೆಗಾಲದ ಪಾಚಿಯನ್ನು ನಾನು ತೆಂಗಿನ ನಾರಿನಿಂದ ಉಜ್ಜುತ್ತಿದ್ದೆ. ಭಾಗಮ್ಮನವರು ಹಿಂದೆ ನಿಂತು ಚೊಂಬಿನಿಂದ ನೀರು ಸುರಿಯುತ್ತಿದ್ದರು. ಅವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅವರ ಮನೆ ಸೇರಿದವಳು. ಮೂಡಿಗೆರೆಯಲ್ಲಿ ಠಾಣೆಗೆ ಹೋಗಲು ಅಂಜುವವರು ನಮ್ಮ ಗೇಟಿಗೆ ಬರುತ್ತಿದ್ದರು.

ಅವತ್ತು ಬಂದಿದ್ದು ಪೇಂಟರ್ ಬೆಳ್ಳಿಯಪ್ಪಣ್ಣ.

"ಅಮ್ಮಾ, ಶಾಂತವೀರಪ್ಪನವ್ರು ಅಂಗಡಿ ಮುಂದೆ ಎಲ್ರ ಎದುರು ನನ್ನನ್ನ ಕಳ್ಳ ಅಂದ್ಬಿಟ್ರು. ಮಳೆ ಹಿಡಿಯೋಕ್ ಮುಂಚೆ ಎಷ್ಟು ಮನೆಗೆ ಬಣ್ಣ ಬಳೀಬೇಕಿತ್ತು! ಇನ್ಮೇಲೆ ಯಾರು ನನ್ನ ಏಣೀನ ಗೋಡೆಗೆ ಒರಗಿಸೋಕೆ ಬಿಡ್ತಾರೆ?"

"ತಗೊಂಡಿದ್ದೀಯಾ?"

"ಇಲ್ಲಮ್ಮ."

"ಹಾಗಾದ್ರೆ ನಡಿ. ಕೃತಿಕಾ, ಕೈ ತೊಳ್ಕೊ."

ಶಾಂತವೀರಪ್ಪನವರದು ಕೆಳಗೆ ಬಟ್ಟೆ ಅಂಗಡಿ, ಮೇಲೆ ಮನೆ. ದೇವರ ಕೋಣೆಯ ಗೂಡಿನಿಂದ ಅವರ ತಂದೆ ಲಿಂಗ ಇಟ್ಟುಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಕಾಣೆಯಾಗಿತ್ತು. ಅದನ್ನು ಶಾಂತವೀರಪ್ಪನವರು ಮಗಳು ಸುಪ್ರಿಯಾಳಿಗೆ ಕೊಡುವುದಾಗಿ ಹೇಳಿದ್ದರು. ಅವಳು ಅದನ್ನು ಒಯ್ಯಲೆಂದೇ ಗಂಡನ ಮನೆಯಿಂದ ಬಂದಿದ್ದಳು.

ಕೋಣೆಯ ಕಿಟಕಿ ಪಡುವಣ ಗೋಡೆಯಲ್ಲಿತ್ತು. ಮಳೆಯ ಎರಚಲೆಲ್ಲ ಬಡಿಯುವುದು ಆ ಗೋಡೆಗೇ. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಅದಕ್ಕೆ ಹೊಸ ಬಣ್ಣ. ಹಿಂದಿನ ದಿನ ಬೆಳ್ಳಿಯಪ್ಪಣ್ಣ ಕಿಟಕಿಯ ಬಾಗಿಲುಗಳಿಗೆ ಹಸಿರು ಬಳಿದು, ಒಣಗಲೆಂದು ತೆರೆದೇ ಬಿಟ್ಟು, ಮೋಡ ಕಂಡು ಬೇಗ ಮನೆಗೆ ಹೋಗಿದ್ದರು. ಏಣಿಯನ್ನೂ, ಬಣ್ಣ ತೊಳೆಯುವ ಟರ್ಪೆಂಟೈನ್ ಡಬ್ಬಿಯನ್ನೂ ಅಲ್ಲೇ ಬಿಟ್ಟಿದ್ದರು.

"ಬೆಳಿಗ್ಗೆ ಪೂಜೆಗೆ ಅಂತ ಬಂದು ಮೊದ್ಲು ನೋಡಿದ್ದೇ ನಾನು," ಎಂದರು ಮಗ ವೀರೇಂದ್ರ. "ಕಿಟಕಿ ತೆರೆದಿತ್ತು, ಕರಡಿಗೆ ಇರ್ಲಿಲ್ಲ. ಏಣಿ ಹತ್ತಿ ಕಂಬಿ ಸಂದೀಲಿ ಕೈ ಹಾಕಿದ್ರೆ ಗೂಡು ಎಟುಕುತ್ತೆ. ಇದ್ರಲ್ಲಿ ಪತ್ತೆ ಮಾಡೋಕೆ ಏನಿದೆ?"

"ಏನೂ ಇಲ್ದಿದ್ರೆ ಕಾಫಿ ಕುಡ್ಕೊಂಡು ಹೋಗ್ತೀವಿ ಬಿಡಿ," ಎಂದರು ಭಾಗಮ್ಮ.

ವೀರೇಂದ್ರ ನನ್ನ ಮುಖದ ಮುಂದೆಯೇ ಕೈ ಚಾಚಿ ಏಣಿಯನ್ನು ತೋರಿಸಿದರು. ಟರ್ಪೆಂಟೈನ್ ವಾಸನೆ ಬಂತು. ಬೆಳ್ಳಿಯಪ್ಪಣ್ಣ ದೂರದಲ್ಲಿ, ಮೆಟ್ಟಿಲ ಬಳಿ ನಿಂತಿದ್ದರು.

ಕಿಟಕಿಯ ಬಾಗಿಲುಗಳು ಹೊರಕ್ಕೆ ತೆರೆಯುವಂಥವು. ಭಾಗಮ್ಮ ಅವುಗಳ ಅಂಚಿನ ಮೇಲೆ ಬೆರಳಾಡಿಸಿದರು. ಎರಡೂ ಬಾಗಿಲು ಕೂಡುವಲ್ಲಿ ಬಣ್ಣ ಸಿಪ್ಪೆಯಂತೆ ಹರಿದಿತ್ತು. ಒಂದರಿಂದ ಕಿತ್ತಿದ್ದು ಇನ್ನೊಂದಕ್ಕೆ ಅಂಟಿಕೊಂಡಿತ್ತು. ಒಳಮೈಯಲ್ಲಿ, ಚಿಲಕದ ಕೆಳಗೆ, ಬಣ್ಣ ಅಂಗೈಯಗಲ ತೀಡಿಹೋಗಿತ್ತು. ಆಮೇಲೆ ಅವರು ಸೀರೆ ಎತ್ತಿ ಕಟ್ಟಿ ಏಣಿ ಹತ್ತಿ, ಹೊರಮೈಯನ್ನೂ ನೋಡಿ ಬಂದರು. ನಾನು ವಾಸನೆಯ ವಿಷಯವನ್ನು ಅವರ ಕಿವಿಯಲ್ಲಿ ಹೇಳಿದೆ. ಅವರು ಎಲ್ಲರನ್ನೂ ಹಜಾರಕ್ಕೆ ಕರೆಯಲು ಹೇಳಿದರು.

"ಸುಪ್ರಿಯಾ, ನಿನ್ನೆ ಸಂಜೆ ಮಳೆ ಬಂದಾಗ ಮನೇಲಿ ಯಾರಿದ್ರಿ?"

"ನಾನು, ಅಪ್ಪಾಜಿ. ಅಣ್ಣ ಚಿಕ್ಕಮಗಳೂರಿಂದ ಬಂದಿದ್ದು ನಾವು ಮಲಗಿದ್ಮೇಲೆ."

"ದೇವರ ಕೋಣೆ ಕಿಟಕಿ ಮುಚ್ಚಿದ್ಯಾ?"

ಅವಳು ಸ್ವಲ್ಪ ಯೋಚಿಸಿದಳು. "ಗುಡುಗಿದ್ರೆ ಆ ಕಡೆ ಕಿಟಕಿ ಮುಚ್ಚೋದು ನೆನಪಿಟ್ಕೊಂಡು ಮಾಡೋ ಕೆಲ್ಸಾನಾ ಅಮ್ಮ? ಹೌದು, ಎಳ್ಕೊಂಡೆ. ಬೆರಳಿಗೆ ಬಣ್ಣ ಮೆತ್ಕೊಂಡಿತ್ತು, ಚಿಲಕ ಹಾಕ್ಲಿಲ್ಲ."

"ಹಸಿ ಬಣ್ಣದ ಬಾಗಿಲು ಮುಚ್ಚಿದ್ರೆ ಬೆಳಗಾಗೋದ್ರಲ್ಲಿ ಒಂದಕ್ಕೊಂದು ಕಚ್ಕೊಳ್ಳುತ್ತೆ," ಎಂದರು ಭಾಗಮ್ಮ. "ಬಣ್ಣ ಹರಿದಿದೆ ಅಂದ್ರೆ ಅದು ಅಂಟಿದ ಮೇಲೆ ಯಾರೋ ತೆರೆದಿದ್ದಾರೆ. ಹೊರಗಿಂದ ಹಿಡಿದು ಎಳೆಯೋಕೆ ಅಲ್ಲಿ ಏನೂ ಇಲ್ಲ. ಉಳಿ ಹಾಕಿ ಮೀಟಬೇಕು. ಹೊರಗೆ ಒಂದು ಗೀರೂ ಇಲ್ಲ. ಒಳಗಡೆ ಅಂಗೈ ಇಟ್ಟು ನೂಕಿದ ಗುರುತಿದೆ. ಕದ್ದೋನು ಒಳಗಿದ್ದ. ಬೆಳಿಗ್ಗೆ ಕಿಟಕಿ ಮುಚ್ಚಿದ್ದು ನೋಡಿ, ಹೊರಗಿನೋನ ಮೇಲೆ ಹಾಕೋಕೆ ಅಂತ ನೂಕಿ ತೆರೆದ. ಮೇಲೆಲ್ಲ ಒಣಗಿದ್ರೂ ಒಳಗೆ ಹಸಿಯಿತ್ತು, ಬಣ್ಣ ಕೈಗೆ ಹತ್ತಿತು. ಸೋಪಿಗೆ ಹೋಗೋದಲ್ಲ ಅದು, ಟರ್ಪೆಂಟೈನೇ ಬೇಕು. ಯಜಮಾನ್ರೇ, ನಿಮ್ಮ ಅಂಗಡೀಲಿ ಟರ್ಪೆಂಟೈನ್ ಮುಟ್ತೀರಾ?"

"ಛೆ! ಸೀರೆಗೆಲ್ಲ ವಾಸನೆ ಹತ್ತುತ್ತೆ."

"ಹಾಗಾದ್ರೆ ಮಗನ ಕೈ ಮೂಸಿ ನೋಡಿ."

ಶಾಂತವೀರಪ್ಪ ಕುಳಿತಲ್ಲಿಂದ ಏಳಲಿಲ್ಲ. ವೀರೇಂದ್ರ ತಾವಾಗಿಯೇ ಕೆಳಗಿಳಿದು, ಅಂಗಡಿಯ ಪಂಚೆ ಗಂಟಿನೊಳಗಿಂದ ಕರಡಿಗೆ ತಂದು ತಂಗಿಯ ಮುಂದಿಟ್ಟರು.

"ದಿನಾ ಅದರ ಮುಂದೆ ಪೂಜೆ ಮಾಡ್ತಿದ್ದೋನು ನಾನು. ಕೊಡೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಲಿಲ್ಲ."

"ನೀನು ಕೇಳಿದ್ರೆ ನಂಗೆ ಬೇಡ, ನೀನೇ ಇಟ್ಕೊ ಅಂತಿದ್ನಲ್ಲೋ ಅಣ್ಣ," ಎಂದಳು ಸುಪ್ರಿಯಾ.

ಶಾಂತವೀರಪ್ಪ ಗಂಟಲು ಸರಿಮಾಡಿಕೊಂಡರು. "ಸಿಕ್ತಲ್ಲ, ಮುಗೀತು. ಮನೆ ಮಾತು ಮನೇಲೇ ಇರ್ಲಿ. ಬೆಳ್ಳಿಯಪ್ಪ, ನಾಳೆಯಿಂದ ಕೆಲಸಕ್ಕೆ ಬಾ ಮಾರಾಯ."

ಬೆಳ್ಳಿಯಪ್ಪಣ್ಣ ಮೆಟ್ಟಿಲ ಬಳಿಯಿಂದ ಅಲ್ಲಾಡಲಿಲ್ಲ. ಕೆಳಗೆ ರಸ್ತೆಯಲ್ಲಿ ಎಸ್ಟೇಟಿಗೆ ಹೋಗುವ ಜೀಪಿನವನು ಜನ ಕರೆಯುತ್ತಿದ್ದ.

"ಬರ್ತೀನಿ ಯಜಮಾನ್ರೇ. ಬೆಳಿಗ್ಗೆ ಅಂಗಡಿ ಮುಂದೆ ನಿಂತು ಹೇಳಿದ್ರಲ್ಲ, ಅಲ್ಲೇ ನಿಂತು, ಇವನು ಕದ್ದಿಲ್ಲ ಅಂತ ಒಂದ್ಸಲ ಹೇಳಿ."